ದಾರಿ ತೆರೆದ ವೀರ: ಪರಮವೀರ ಚಕ್ರ ಪುರಸ್ಕೃತ ರಾಮ ರಾಘೋಬಾ ರಾಣೆ

ಪೀಠಿಕೆ

ಕನ್ನಡ ನಾಡಿನಲ್ಲಿ ವೀರಗಲ್ಲುಗಳಿಲ್ಲದ ಸೀಮೆ ವಿರಳ. ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಅವು ಇಂದಿಗೂ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ, ನಡುವಿನ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲಿನ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ: ಇದು ಆ ಶಿಲ್ಪಗಳ ಸಾಮಾನ್ಯ ಕ್ರಮ. ತುರುಗಳನ್ನು ಮರಳಿ ತರಲು ಹೋಗಿ ಮಡಿದವನಿಗೆ, ಊರ ರಕ್ಷಣೆಗೆ ನಿಂತು ಮಡಿದವನಿಗೆ ನಮ್ಮ ಪೂರ್ವಿಕರು ಹೀಗೆ ಕಲ್ಲು ನಿಲ್ಲಿಸಿದರು.

ಈ ಪರಂಪರೆಯ ಪ್ರಭಾವದಿಂದಲೋ ಏನೋ, ಶೌರ್ಯವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಒಂದು ಕ್ಷಣದ ಚಿತ್ರ. ಎತ್ತಿದ ಕತ್ತಿ, ಎದುರಿಗೆ ನಿಂತ ಶತ್ರು, ಬಳಿಕ ವೀರಮರಣ. ಆ ಚಿತ್ರ ಸುಳ್ಳಲ್ಲ; ಆದರೆ ಪೂರ್ಣವೂ ಅಲ್ಲ. ಒಂದು ಕ್ಷಣದಲ್ಲಿ ಮುಗಿಯದ, ದಿನದಿಂದ ದಿನಕ್ಕೆ ಅದೇ ಅಪಾಯದ ಮುಂದೆ ಮತ್ತೆ ಹೋಗಿ ಕುಳಿತುಕೊಳ್ಳಬೇಕಾದ ಶೌರ್ಯವೂ ಉಂಟು. ಅದರ ಆಯುಧ ಖಡ್ಗವಲ್ಲ, ನಡುಗದ ಕೈ. ಅದರ ಫಲ ಶತ್ರುಸಂಹಾರವಲ್ಲ, ಹಿಂದೆ ಬರುವವರಿಗೆ ತೆರೆದ ದಾರಿ. ಈ ಬಗೆಯ ಶೌರ್ಯಕ್ಕೆ ಸ್ವತಂತ್ರ ಭಾರತದ ಇತಿಹಾಸದಲ್ಲಿ ದೊರೆಯುವ ಶ್ರೇಷ್ಠ ನಿದರ್ಶನವೆಂದರೆ ಕಾರವಾರ ಮೂಲದ ರಾಮ ರಾಘೋಬಾ ರಾಣೆಯವರದು. ರಾಷ್ಟ್ರದ ಅತ್ಯುನ್ನತ ಯುದ್ಧಶೌರ್ಯ ಪುರಸ್ಕಾರವಾದ ಪರಮವೀರ ಚಕ್ರವನ್ನು ಜೀವಂತವಾಗಿರುವಾಗಲೇ ಪಡೆದ ಮೊದಲಿಗರಲ್ಲಿ ಅವರೊಬ್ಬರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಣೆಯವರು ಜನಿಸಿದ್ದು 1918ರ ಜೂನ್ 26ರಂದು. ಅವರ ಪೂರ್ವಿಕರ ಊರು ಕಾರವಾರದ ಸಮೀಪದ ಚೆಂಡಿಯಾ. ಇಂದಿನ ಉತ್ತರ ಕನ್ನಡ ಜಿಲ್ಲೆ ಆ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯದೊಡನೆ ಒಂದಾದದ್ದು 1956ರ ರಾಜ್ಯ ಪುನರ್ವಿಂಗಡಣೆಯ ಸಮಯದಲ್ಲಿ. ತಂದೆ ರಾಘೋಬಾ ರಾಣೆಯವರು ಪೊಲೀಸ್ ಪೇದೆಯಾಗಿದ್ದರು. ಪೇದೆಯ ನೌಕರಿಯೆಂದರೆ ಮೇಲಿಂದ ಮೇಲೆ ವರ್ಗಾವಣೆ. ತಂದೆಯ ಹಿಂದೆ ಊರಿಂದೂರಿಗೆ ಹೋಗುತ್ತಿದ್ದ ಬಾಲಕನ ವಿದ್ಯಾಭ್ಯಾಸ ಒಂದು ಶಾಲೆಯಲ್ಲಿ ನೆಲೆಯೂರಲಿಲ್ಲ. ಒಂದೆಡೆ ಗೆಳೆಯರಾಗುವ ಹೊತ್ತಿಗೆ ಇನ್ನೊಂದೆಡೆಗೆ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಪರೀಕ್ಷೆಯ ಅಂಕಗಳಿಂದ ಮಾತ್ರ ಬಾಲಕರ ಭವಿಷ್ಯವನ್ನು ಅಳೆಯುವವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

1930ರಲ್ಲಿ ದೇಶದಾದ್ಯಂತ ಸ್ವಾತಂತ್ರ್ಯ ಚಳವಳಿಯ ಹೊಸ ಅಲೆ ಎದ್ದಿತು. ಕಾರವಾರಕ್ಕೆ ನೆರೆಯ ಅಂಕೋಲೆ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಉಪ್ಪಿನ ಸತ್ಯಾಗ್ರಹದ ಕೇಂದ್ರವಾಯಿತು. ಹನ್ನೆರಡರ ಹರೆಯದ ರಾಮನೂ ಚಳವಳಿಯತ್ತ ಸೆಳೆಯಲ್ಪಟ್ಟ. ಸರಕಾರದ ಅನ್ನ ಉಣ್ಣುವ ಮನೆಯ ಹುಡುಗ ಸರಕಾರದ ವಿರುದ್ಧ ಘೋಷಣೆ ಕೂಗಿದರೆ ಗತಿಯೇನೆಂದು ತಂದೆಗೆ ಗಾಬರಿಯಾದದ್ದು ಸಹಜವೇ. ಅವರು ಸಂಸಾರವನ್ನು ಚೆಂಡಿಯಾಕ್ಕೆ ಮರಳಿ ಕಳುಹಿಸಿದರು.

ಸೈನ್ಯ ಪ್ರವೇಶ

ಎರಡನೆಯ ಮಹಾಯುದ್ಧ ಆರಂಭವಾದ ಮರುವರ್ಷ, 1940ರ ಜುಲೈ 10ರಂದು, 22 ವರ್ಷದ ರಾಣೆ ಸೈನ್ಯ ಸೇರಿದರು. ಅವರಿಗೆ ದೊರೆತದ್ದು ಬಾಂಬೆ ಇಂಜಿನಿಯರ್ಸ್ ದಳ. ಪುಣೆಗೆ ಸಮೀಪದ ಖಡ್ಕಿಯಲ್ಲಿ ಕೇಂದ್ರವುಳ್ಳ ಈ ದಳ ‘ಬಾಂಬೆ ಸ್ಯಾಪರ್ಸ್’ ಎಂದೇ ಪ್ರಸಿದ್ಧ. ತರಬೇತಿಯ ಕೊನೆಯಲ್ಲಿ ರಾಣೆಯವರು ತಮ್ಮ ತಂಡದ ಶ್ರೇಷ್ಠ ಅಭ್ಯರ್ಥಿಯೆನಿಸಿ ಕಮಾಂಡೆಂಟರ ಬೆತ್ತದ ಬಹುಮಾನವನ್ನು ಪಡೆದರು.

ಬಳಿಕ 28ನೇ ಫೀಲ್ಡ್ ಕಂಪನಿಯೊಡನೆ ಅವರು ಬರ್ಮಾ ರಣರಂಗಕ್ಕೆ ಹೋದರು. ಅರಕಾನ್ ಪ್ರದೇಶದಲ್ಲಿ ಜಪಾನೀಯರ ಒತ್ತಡಕ್ಕೆ ಸೈನ್ಯ ಹಿಂದೆ ಸರಿಯುತ್ತಿದ್ದಾಗ, ಬುಥಿಡಾಂಗ್‌ನಲ್ಲಿ ಉಳಿದ ಸಾಮಗ್ರಿ ಶತ್ರುವಿನ ಕೈಸೇರದಂತೆ ಸ್ಫೋಟಿಸಿ ಬರಲು ರಾಣೆಯವರಿದ್ದ ಒಂದು ಸಣ್ಣ ತುಕಡಿಯನ್ನು ಹಿಂದೆ ಬಿಡಲಾಯಿತು. ಕೆಲಸ ಮುಗಿಯಿತು, ಆದರೆ ಅವರನ್ನು ಕರೆದೊಯ್ಯಬೇಕಾಗಿದ್ದ ನೌಕಾಪಡೆಯ ನೆರವು ಒದಗಲಿಲ್ಲ. ಜಪಾನೀ ಗಸ್ತುಪಡೆಗಳ ಕಣ್ಣು ತಪ್ಪಿಸಿ, ತಾವೇ ನದಿಯನ್ನು ದಾಟಿ, ಆ ತುಕಡಿ ತನ್ನ ಡಿವಿಷನ್ನನ್ನು ಸೇರಿಕೊಂಡಿತು. ರಾಣೆಯವರು ಹವಾಲ್ದಾರರಾದರು. ಸಾಮಾನ್ಯ ಸಿಪಾಯಿಯ ಮಟ್ಟದಿಂದ ಒಂದೊಂದೇ ಮೆಟ್ಟಿಲೇರಿದ ಅವರು 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಆಗಿ ಅಧಿಕಾರಿವರ್ಗವನ್ನು ಸೇರಿದರು. ಅಷ್ಟರಲ್ಲಿ ದೇಶ ಸ್ವತಂತ್ರವಾಗಿತ್ತು. ಹನ್ನೆರಡರ ಹುಡುಗ ಬಯಸಿದ್ದ ಸ್ವರಾಜ್ಯದ ರಕ್ಷಣೆ ಈಗ ಇಪ್ಪತ್ತೊಂಬತ್ತರ ಅಧಿಕಾರಿಯ ಕರ್ತವ್ಯವಾಯಿತು.

ಸ್ಯಾಪರನ ಕೆಲಸ

ಮುಂದಿನ ಘಟನೆಯ ಹಿರಿಮೆ ತಿಳಿಯಬೇಕಾದರೆ ಸ್ಯಾಪರನ ಕೆಲಸವೆಂತಹುದೆಂದು ಅರಿಯಬೇಕು. ಸೈನ್ಯದಲ್ಲಿ ಸೇತುವೆ ಕಟ್ಟುವವನು, ದಾರಿ ಮಾಡುವವನು, ನೆಲದಲ್ಲಿ ಹುದುಗಿಸಿದ ಬಾಂಬುಗಳನ್ನು ತೆಗೆಯುವವನು ಸ್ಯಾಪರ್. ಹಿಂದೆ ಸರಿಯುವ ಶತ್ರು ರಸ್ತೆಯಲ್ಲಿ ನೆಲಬಾಂಬುಗಳನ್ನು ಹೂಳುತ್ತಾನೆ, ಮರ ಕಡಿದು ಅಡ್ಡ ಕೆಡವುತ್ತಾನೆ, ಮೋರಿಗಳನ್ನು ಸಿಡಿಸುತ್ತಾನೆ, ರಸ್ತೆಯ ಅಂಚನ್ನೇ ಸ್ಫೋಟಿಸಿ ಕಣಿವೆಗೆ ಉರುಳಿಸುತ್ತಾನೆ. ಬಯಲು ನಾಡಾದರೆ ಟ್ಯಾಂಕುಗಳು ಬಳಸಿ ಹೋದಾವು. ಒಂದು ಪಕ್ಕದಲ್ಲಿ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕೊರಕಲು ಇರುವ ಘಟ್ಟದ ಹಾದಿಯಲ್ಲಿ ಮುಂದಿನ ಒಂದು ಟ್ಯಾಂಕು ಕೆಟ್ಟು ನಿಂತರೆ ಅದರ ಹಿಂದಿನ ಇಡೀ ಸಾಲು ನಿಲ್ಲುತ್ತದೆ.

ನೆಲಬಾಂಬು ಕಣ್ಣಿಗೆ ಕಾಣುವುದಿಲ್ಲ. ಸ್ಯಾಪರನು ನೆಲಕ್ಕೆ ಬಾಗಿ, ಬಯೊನೆಟ್ಟಿನ ತುದಿಯನ್ನು ಓರೆಯಾಗಿ ಮಣ್ಣಿಗೆ ಮೆಲ್ಲನೆ ತೂರಿಸಿ, ಗಟ್ಟಿ ವಸ್ತು ತಾಗಿತೇ ಎಂದು ನೋಡುತ್ತಾನೆ. ತಾಗಿದರೆ ಸುತ್ತಲಿನ ಮಣ್ಣನ್ನು ಬೆರಳುಗಳಿಂದ ಬಿಡಿಸಿ, ಸಿಡಿಯುವ ಕೀಲನ್ನು ನಿಷ್ಕ್ರಿಯಗೊಳಿಸಿ, ಬಾಂಬನ್ನು ಹೊರತೆಗೆಯುತ್ತಾನೆ. ಮರಳಿ ಒಂದು ಗೇಣು ಮುಂದೆ. ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಮೇಲಿನಿಂದ ಗುಂಡು ಬರುತ್ತಿದ್ದರೆ ಉಳಿದ ಸೈನಿಕ ಬಂಡೆಯ ಮರೆಗೆ ಸರಿಯಬಹುದು, ತಿರುಗಿ ಗುಂಡು ಹಾರಿಸಬಹುದು. ಸ್ಯಾಪರನ ಎರಡು ಕೈಗಳೂ ಮಣ್ಣಿನಲ್ಲಿರುತ್ತವೆ.

ಯುದ್ಧದ ಹಿನ್ನೆಲೆ

1947ರ ಅಕ್ಟೋಬರಿನಲ್ಲಿ ಜಮ್ಮು ಮತ್ತು ಕಾಶ್ಮೀರದ ಮೇಲೆ ಆಕ್ರಮಣವಾಯಿತು. ಕಾಶ್ಮೀರ ಕಣಿವೆಯ ಯುದ್ಧದೊಡನೆ ಜಮ್ಮುವಿನ ಪಶ್ಚಿಮ ಭಾಗದ ಗುಡ್ಡಗಾಡಿನಲ್ಲಿಯೂ ಕದನ ಹಬ್ಬಿತು. ನವೆಂಬರಿನಲ್ಲಿ ರಜೌರಿ ಪಟ್ಟಣವು ಆಕ್ರಮಣಕಾರರ ವಶವಾಯಿತು. ಡಿಸೆಂಬರಿನಲ್ಲಿ ಝಂಗಡ್ ಕೈಬಿಟ್ಟಿತು. 1948ರ ಫೆಬ್ರವರಿ 6ರಂದು ನೌಶೇರಾದ ಮೇಲೆ ನಡೆದ ಭಾರೀ ದಾಳಿಯನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ನೇತೃತ್ವದ ಪಡೆ ಹಿಮ್ಮೆಟ್ಟಿಸಿತು. ಅಂದು ನಾಯಕ್ ಜದುನಾಥ್ ಸಿಂಗ್ ಏಕಾಂಗಿಯಾಗಿ ಹೋರಾಡಿ ಮಡಿದು ಪರಮವೀರ ಚಕ್ರಕ್ಕೆ ಪಾತ್ರರಾದರು. ಮಾರ್ಚ್ 18ರಂದು ಝಂಗಡ್ ಮರಳಿ ಭಾರತದ ವಶಕ್ಕೆ ಬಂದಿತು.

ಮುಂದಿನ ಗುರಿ ರಜೌರಿ. ಅಲ್ಲಿನ ಜನ ತಿಂಗಳುಗಳಿಂದ ಆಕ್ರಮಣಕಾರರ ಕೈಯಲ್ಲಿ ಸಿಕ್ಕಿದ್ದರು; ಅನೇಕ ನಾಗರಿಕರು ಹತರಾಗಿದ್ದರು. ಆದ್ದರಿಂದ ಸೈನ್ಯ ಅಲ್ಲಿಗೆ ತಲುಪಬೇಕಾಗಿತ್ತು ಎಂಬುದಷ್ಟೇ ಅಲ್ಲ, ಬೇಗ ತಲುಪಬೇಕಾಗಿತ್ತು. ನೌಶೇರಾದಿಂದ ರಜೌರಿಗೆ ಹೋಗುವ ದಾರಿ ಚಿಂಗಸ್ ಎಂಬ ಊರಿನ ಮೂಲಕ ಹಾಯುತ್ತದೆ. ಮೊಗಲ್ ಬಾದಶಹರು ಕಾಶ್ಮೀರಕ್ಕೆ ಪಯಣಿಸುವಾಗ ತಂಗುತ್ತಿದ್ದ ಹಳೆಯ ಬೀಡು ಅದು. ಒಂದು ಕಾಲಕ್ಕೆ ಬಾದಶಹರ ಪರಿವಾರಗಳು ಸಾಗಿದ್ದ ಆ ಸೀಮೆಯ ಹಾದಿಯಲ್ಲಿ ಈಗ ಹೆಜ್ಜೆಹೆಜ್ಜೆಗೆ ತಡೆಗಳಿದ್ದವು, ನೆಲಬಾಂಬುಗಳಿದ್ದವು.

ಏಪ್ರಿಲ್ 8ರಿಂದ 11ರವರೆಗೆ

ರಾಣೆಯವರು ಆಗ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯಲ್ಲಿದ್ದರು. ಅಧಿಕಾರಿಯಾಗಿ ನಾಲ್ಕು ತಿಂಗಳು ಇನ್ನೂ ತುಂಬಿರಲಿಲ್ಲ. 4ನೇ ಡೋಗ್ರಾ ಪಡೆಯೊಡನೆ ಮುನ್ನಡೆಯುವ ಟ್ಯಾಂಕುಗಳಿಗೆ ದಾರಿ ತೆರವು ಮಾಡುವ ತಂಡದ ಹೊಣೆ ಅವರದಾಯಿತು.

ಏಪ್ರಿಲ್ 8ರಂದು ಬೆಳಗ್ಗೆ 11 ಗಂಟೆ. ತಂಡದವರು ಟ್ಯಾಂಕುಗಳ ಬಳಿ ಕೆಲಸಕ್ಕೆ ಸಿದ್ಧರಾಗಿ ನಿಂತಿದ್ದರು. ಒಮ್ಮೆಲೇ ಆ ಜಾಗದ ಮೇಲೆ ಶತ್ರುಗಳ ಮಾರ್ಟರ್ ಗುಂಡುಗಳು ಸುರಿದವು. ಇಬ್ಬರು ಸ್ಥಳದಲ್ಲಿಯೇ ಮಡಿದರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯವರೂ ಒಬ್ಬರು. ಕೆಲಸ ಇನ್ನೂ ಮೊದಲಾಗಿರಲಿಲ್ಲ. ನಾಯಕನೇ ಗಾಯಾಳು, ಸಂಗಡಿಗರ ದೇಹಗಳು ಕಣ್ಣ ಮುಂದೆ. ಆ ಹೊತ್ತಿನಲ್ಲಿ ಹಿಂದಕ್ಕೆ ಸರಿದು ಚಿಕಿತ್ಸೆ ಪಡೆದಿದ್ದರೆ ಯಾರೂ ಅವರನ್ನು ದೂಷಿಸುತ್ತಿರಲಿಲ್ಲ. ರಾಣೆಯವರು ಉಳಿದವರನ್ನು ಮತ್ತೆ ಕೂಡಿಸಿ ಕೆಲಸ ಹಂಚಿದರು. ದಿನವಿಡೀ ಟ್ಯಾಂಕುಗಳ ಬಳಿಯಲ್ಲಿಯೇ, ಗುಂಡಿನ ಮಳೆಯ ನಡುವೆ ಉಳಿದರು.

ಸಂಜೆ ನಾಲ್ಕೂವರೆಯ ಸುಮಾರಿಗೆ ಬರ್ವಾಲಿ ದಿಣ್ಣೆ ಡೋಗ್ರಾ ಪಡೆಯ ವಶವಾಯಿತು. ಆದರೆ ಸುತ್ತಲಿನ ಪ್ರದೇಶದಿಂದ ಶತ್ರು ಪೂರ್ತಿಯಾಗಿ ತೆರಳಿರಲಿಲ್ಲ. ಇದನ್ನು ಬಲ್ಲವರಾಗಿದ್ದರೂ ರಾಣೆಯವರು ತಂಡವನ್ನು ಮುಂದಕ್ಕೆ ಕರೆದೊಯ್ದು, ಟ್ಯಾಂಕುಗಳಿಗಾಗಿ ಬಳಸುದಾರಿಯೊಂದನ್ನು ಕಡಿಯಲು ತೊಡಗಿದರು. ಶತ್ರುವಿನ ಕಣ್ಣೆದುರಿಗೆ, ಮೆಷಿನ್ ಗನ್ನುಗಳ ಗುಂಡಿನಡಿಯಲ್ಲಿ, ರಾತ್ರಿ 10 ಗಂಟೆಯವರೆಗೆ ಕೆಲಸ ನಡೆಯಿತು.

ಏಪ್ರಿಲ್ 9ರ ಬೆಳಗ್ಗೆ 6 ಗಂಟೆಗೆ ಮತ್ತೆ ಆರಂಭ. ಮಧ್ಯಾಹ್ನ 3ಕ್ಕೆ ಬಳಸುದಾರಿ ಸಿದ್ಧವಾಯಿತು. ಟ್ಯಾಂಕುಗಳ ಸಾಲು ಹೊರಟಾಗ ರಾಣೆಯವರು ಎಲ್ಲಕ್ಕೂ ಮುಂದಿನ ವಾಹನವನ್ನೇರಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ರಸ್ತೆಗಡ್ಡವಾಗಿ ಕೆಡವಿದ ಪೈನ್ ಮರಗಳು. ಇಳಿದರು, ಸಿಡಿಮದ್ದಿಟ್ಟು ಮರಗಳನ್ನು ಹಾರಿಸಿದರು. ಮುನ್ನೂರು ಗಜ ಸಾಗುವಷ್ಟರಲ್ಲಿ ಅಂತಹುದೇ ಇನ್ನೊಂದು ತಡೆ. ಮತ್ತೆ ಇಳಿದರು. 5 ಗಂಟೆಯಾಗಿತ್ತು. ರಸ್ತೆ ಹಾವಿನಂತೆ ಬೆಟ್ಟವನ್ನು ಸುತ್ತಿ ಹೋಗುತ್ತಿತ್ತು. ಮುಂದೆ ಒಡೆದು ಬಿದ್ದ ಮೋರಿ. ಕೆಲಸ ಆರಂಭಿಸುವ ಮೊದಲೇ ಮೆಷಿನ್ ಗನ್ನುಗಳು ಉಗುಳತೊಡಗಿದವು. ಅಲ್ಲಿಯೂ ಬಳಸುದಾರಿ ಮಾಡಿ ಸಾಲನ್ನು ದಾಟಿಸಿದರು. ಬೆಳಕು ಕುಂದುವ ಹೊತ್ತಿಗೆ, 6 ಗಂಟೆ 15 ನಿಮಿಷಕ್ಕೆ, ಎದುರಾದದ್ದು ಐದು ದೊಡ್ಡ ಪೈನ್ ಮರಗಳ ತಡೆ. ಅದರ ಸುತ್ತ ನೆಲಬಾಂಬುಗಳು. ಮೇಲಿನಿಂದ ಗುಂಡಿನ ಕಾವಲು. ರಾಣೆಯವರು ಬಾಂಬುಗಳನ್ನು ತೆಗೆಯಲು ಕುಳಿತೇಬಿಟ್ಟರು. ಆದರೆ ಟ್ಯಾಂಕುಪಡೆಯ ನಾಯಕರು ಸ್ಥಿತಿಯನ್ನು ಅರಿತು ಸಾಲನ್ನು ರಾತ್ರಿಯ ತಂಗುದಾಣಕ್ಕೆ ಸರಿಸಿದರು.

ಏಪ್ರಿಲ್ 10ರಂದು ಬೆಳಗಿನ ಜಾವ 4 ಗಂಟೆ 45 ನಿಮಿಷ. ಹಿಂದಿನ ಸಂಜೆ ಬಿಟ್ಟುಬಂದಿದ್ದ ಅದೇ ತಡೆಯ ಮುಂದೆ ರಾಣೆಯವರು ಮತ್ತೆ ಕುಳಿತಿದ್ದರು. ಟ್ಯಾಂಕುಗಳ ಒಂದು ತುಕಡಿ ಬೆಂಬಲಕ್ಕೆ ನಿಂತಿತ್ತು. ಶತ್ರುಗಳ ಗುಂಡು ನಿಂತಿರಲಿಲ್ಲ. 6 ಗಂಟೆ 30 ನಿಮಿಷಕ್ಕೆ ತಡೆ ತೆರವಾಯಿತು. ಅದರಾಚೆಯ ಸಾವಿರ ಗಜದ ಹಾದಿ ಬರಿಯ ತಡೆಗಳು, ಸಿಡಿಸಿ ಕೆಡವಿದ ರಸ್ತೆಯಂಚುಗಳು. ಗಾಯದ ದೇಹದಲ್ಲಿಯೇ ಬೆಳಗ್ಗೆ 10 ಗಂಟೆ 30 ನಿಮಿಷಕ್ಕೆ ಅದನ್ನೂ ದಾಟಲು ಅನುಮಾಡಿಕೊಟ್ಟರು. ಟ್ಯಾಂಕುಗಳು ತವಿ ನದಿಯ ಪಾತ್ರಕ್ಕಿಳಿದು ಮುಂದೆ ಸಾಗಿ ಮಧ್ಯಾಹ್ನ 2 ಗಂಟೆಗೆ ಚಿಂಗಸ್ ಸೇರಿದವು.

ಇಲ್ಲಿ ಓದುಗರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಟ್ಯಾಂಕುಗಳು ಗುರಿ ಮುಟ್ಟಿದ ಮೇಲೆ ಕೆಲಸ ಮುಗಿಯಿತೆಂದು ರಾಣೆಯವರು ಭಾವಿಸಲಿಲ್ಲ. ಟ್ಯಾಂಕು ನದಿಯ ಪಾತ್ರದಲ್ಲಿ ಹೋದೀತು. ಆದರೆ ಅನ್ನ, ಔಷಧಿ, ಮದ್ದುಗುಂಡು ಹೊತ್ತ ವಾಹನಗಳಿಗೆ ರಸ್ತೆಯೇ ಬೇಕು. ಅವು ಬಾರದಿದ್ದರೆ ಮುಂದೆ ಹೋದ ಪಡೆ ನಿಲ್ಲಲಾರದು. ಆದ್ದರಿಂದ ಅವರು ಊಟ ವಿಶ್ರಾಂತಿಗಳಿಲ್ಲದೆ ರಾತ್ರಿಯವರೆಗೆ ರಸ್ತೆಯ ಕೆಲಸದಲ್ಲಿಯೇ ತೊಡಗಿದ್ದರು. ಏಪ್ರಿಲ್ 11ರ ಬೆಳಗ್ಗೆ 6ಕ್ಕೆ ಮತ್ತೆ ಆರಂಭಿಸಿ 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆಯನ್ನು ತೆರೆದರು. ಮಾರ್ಟರ್ ಗುಂಡು ತಗುಲಿದ ಗಳಿಗೆಯಿಂದ ಸರಿಯಾಗಿ ಮೂರು ದಿನಗಳಾಗಿದ್ದವು. ಅಂದೂ ಅವರು ರಾತ್ರಿ 10ರವರೆಗೆ ಮುಂದಿನ ದಾರಿಯ ತೆರವಿನಲ್ಲಿ ನಿರತರಾಗಿದ್ದರು.

ಏಪ್ರಿಲ್ 12ರಂದು ಭಾರತೀಯ ಸೇನೆ ರಜೌರಿಯನ್ನು ಪ್ರವೇಶಿಸಿತು. ಪಟ್ಟಣ ಹಾಳಾಗಿತ್ತು. ಅನೇಕರ ಪಾಲಿಗೆ ನೆರವು ತಡವಾಗಿತ್ತು. ಬದುಕುಳಿದವರ ಪಾಲಿಗೆ ಅದು ಬಂದಿತ್ತು. ದಾರಿ ಇನ್ನೂ ಒಂದೆರಡು ದಿನ ತಡವಾಗಿ ತೆರೆದಿದ್ದರೆ ಆ ಉಳಿದವರ ಗತಿ ಏನಾಗುತ್ತಿತ್ತೆಂಬುದನ್ನು ನೆನೆದಾಗ ಸ್ಯಾಪರನ ಒಂದೊಂದು ಗಂಟೆಯ ಬೆಲೆ ಅರಿವಾಗುತ್ತದೆ.

ಈ ಮುನ್ನಡೆಯ ಬಗ್ಗೆ ಸೈನಿಕರ ವಲಯದಲ್ಲಿ ಇನ್ನೊಂದು ಸಂಗತಿಯನ್ನು ಹೇಳುವುದುಂಟು. ಗುಂಡಿನ ಹೊಡೆತದಿಂದ ಬಯಲಿನಲ್ಲಿ ತಲೆಯೆತ್ತಲಾಗದಿದ್ದಾಗ ರಾಣೆಯವರು ಟ್ಯಾಂಕಿನ ಅಡಿಗೆ ನುಸುಳಿ, ಅದರ ಚಲನೆಗೆ ಸರಿಯಾಗಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ನಿಲ್ಲುವ ಮತ್ತು ನಡೆಯುವ ಸೂಚನೆ ಕೊಟ್ಟರೆಂಬುದು ಆ ಸಂಗತಿ. ಅವರ ಹೆಸರು ಬಂದಲ್ಲೆಲ್ಲ ಈ ಚಿತ್ರವೂ ಜೊತೆಯಲ್ಲಿಯೇ ಬರುತ್ತದೆ.

ಪದಕದ ಅರ್ಥ

ಪರಮವೀರ ಚಕ್ರ ಸ್ಥಾಪಿತವಾದದ್ದು ಭಾರತ ಗಣರಾಜ್ಯವಾದ 1950ರ ಜನವರಿ 26ರಂದು. 1947ರ ಆಗಸ್ಟ್ 15ರಿಂದ ನಡೆದ ಸಾಹಸಗಳಿಗೆ ಅನ್ವಯವಾಗುವಂತೆ. ಕಂಚಿನ ಆ ಪದಕವನ್ನು ರೂಪಿಸಿದವರು ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಭಾರತೀಯರೇ ಆಗಿಹೋದ ಸಾವಿತ್ರಿ ಖಾನೋಲ್ಕರ್. ಮಧ್ಯದಲ್ಲಿ ರಾಜ್ಯಲಾಂಛನ, ಸುತ್ತ ನಾಲ್ಕು ವಜ್ರಾಯುಧಗಳು. ದಧೀಚಿ ಮಹರ್ಷಿ ತನ್ನ ಎಲುಬನ್ನೇ ವಜ್ರಾಯುಧಕ್ಕಾಗಿ ಧಾರೆಯೆರೆದ ಪುರಾಣಕಥೆಯನ್ನು ಬಲ್ಲವರಿಗೆ ಆ ಸಂಕೇತದ ಔಚಿತ್ಯ ವೇದ್ಯವಾಗುತ್ತದೆ.

1947-48ರ ಯುದ್ಧಕ್ಕಾಗಿ ಐವರಿಗೆ ಈ ಪದಕ ಸಂದಿತು. ಮೇಜರ್ ಸೋಮನಾಥ ಶರ್ಮಾ, ನಾಯಕ್ ಜದುನಾಥ್ ಸಿಂಗ್, ಹವಾಲ್ದಾರ್ ಮೇಜರ್ ಪೀರು ಸಿಂಗ್ ಈ ಮೂವರು ರಣರಂಗದಲ್ಲಿಯೇ ಮಡಿದರು. ಲಾನ್ಸ್ ನಾಯಕ್ ಕರಮ್ ಸಿಂಗ್ ಮತ್ತು ರಾಣೆ ಬದುಕುಳಿದರು. 1999ರ ಕಾರ್ಗಿಲ್ ಯುದ್ಧದವರೆಗೆ ಒಟ್ಟು 21 ವೀರರು ಪರಮವೀರ ಚಕ್ರ ಪಡೆದಿದ್ದಾರೆ. ಅವರಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿತು. ಈ ಪದಕ ಒಬ್ಬರ ಎದೆಯ ಮೇಲೆ ತೂಗಿದರೂ ಅದು ಏಪ್ರಿಲ್ 8ರ ಬೆಳಗ್ಗೆ ಮಡಿದ ಆ ಇಬ್ಬರನ್ನೂ, ಗಾಯಗೊಂಡವರನ್ನೂ, ನಾಯಕನ ಮಾತಿಗೆ ಮತ್ತೆ ಎದ್ದು ನಿಂತ ಉಳಿದ ಸ್ಯಾಪರರನ್ನೂ ನೆನಪಿಸುತ್ತದೆ. ಒಬ್ಬನೇ ದಾರಿ ಮಾಡಲಾರ.

ಉತ್ತರ ಜೀವನ ಮತ್ತು ಸ್ಮಾರಕಗಳು

ಪದಕದ ಬಳಿಕವೂ ರಾಣೆಯವರು ಸೈನಿಕರಾಗಿಯೇ ಉಳಿದರು. 1968ರ ಜನವರಿಯಲ್ಲಿ ಮೇಜರ್ ಪದವಿಯಲ್ಲಿ ನಿವೃತ್ತರಾದರೂ ಮರುನೇಮಕಗೊಂಡು 1971ರ ಏಪ್ರಿಲಿನವರೆಗೆ ದುಡಿದರು. ತಮ್ಮ ಸೇವಾವಧಿಯಲ್ಲಿ ಐದು ಬಾರಿ ಸೈನ್ಯದ ವರದಿಗಳಲ್ಲಿ ಅವರ ಹೆಸರು ಗೌರವಪೂರ್ವಕವಾಗಿ ಉಲ್ಲೇಖಗೊಂಡಿತು. 1994ರ ಜುಲೈ 11ರಂದು ಪುಣೆಯಲ್ಲಿ ಅವರು ನಿಧನರಾದರು.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿ, 2006ರ ನವೆಂಬರಿನಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. ಭಾರತೀಯ ಹಡಗು ನಿಗಮದ ತೈಲವಾಹಕ ಹಡಗೊಂದು ಅವರ ಹೆಸರನ್ನು ಹೊತ್ತು ಕಡಲಲ್ಲಿ ಸಂಚರಿಸಿತು. 2023ರ ಜನವರಿ 23ರಂದು ಅಂಡಮಾನ್ ಮತ್ತು ನಿಕೋಬಾರಿನ 21 ದ್ವೀಪಗಳಿಗೆ 21 ಪರಮವೀರರ ಹೆಸರುಗಳನ್ನಿಟ್ಟಾಗ ಒಂದು ದ್ವೀಪಕ್ಕೆ ರಾಣೆಯವರ ಹೆಸರು ಬಂದಿತು. ಕಡಲ ತಡಿಯ ಸೀಮೆಯವರ ಹೆಸರು ಮರಳಿ ಕಡಲನ್ನೇ ಸೇರಿದಂತಾಯಿತು.

ತರಗತಿಯಲ್ಲಿ ಈ ಚರಿತ್ರೆ

ವೀರರ ಚರಿತ್ರೆಯನ್ನು ಮಕ್ಕಳಿಗೆ ಬೋಧಿಸುವಾಗ ಎರಡು ಅಪಾಯಗಳಿವೆ. ಒಂದು, ಯುದ್ಧವನ್ನು ಆಟವೆಂಬಂತೆ ಬಣ್ಣಿಸುವುದು. ಇನ್ನೊಂದು, ವೀರನನ್ನು ಮನುಷ್ಯರ ಅಳವಿಗೆ ಮೀರಿದವನನ್ನಾಗಿ ಮಾಡಿ ದೂರದಿಂದ ಕೈಮುಗಿಸುವುದು. ರಾಣೆಯವರ ಚರಿತ್ರೆಯನ್ನು ಅದರ ದಿನಚರಿಯ ರೂಪದಲ್ಲಿಯೇ, ಗಂಟೆ ಗಂಟೆಗಳ ಲೆಕ್ಕದಲ್ಲಿ ಬೋಧಿಸಿದರೆ ಈ ಎರಡೂ ಅಪಾಯಗಳು ತಪ್ಪುತ್ತವೆ.

ಅದರಿಂದ ವಿದ್ಯಾರ್ಥಿಗಳು ಕಾಣಬೇಕಾದವು ಮುಖ್ಯವಾಗಿ ಮೂರು. ಮೊದಲನೆಯದು, ಧೈರ್ಯ ಕಲಿಕೆಯ ಫಲವೆಂಬುದು. ಬಾಂಬು ತೆಗೆಯುವ ಕೈಗೆ ಖಡ್ಕಿಯ ತರಬೇತಿಯೂ ಬರ್ಮಾದ ಅನುಭವವೂ ಬೆನ್ನೆಲುಬಾಗಿದ್ದವು. ಕಸುಬು ತಿಳಿಯದವನ ಕೆಚ್ಚು ಅಲ್ಲಿ ಒಂದು ಗೇಣೂ ಸಾಗುತ್ತಿರಲಿಲ್ಲ. ಎರಡನೆಯದು, ಧೈರ್ಯವನ್ನು ದಿನವೂ ಹೊಸದಾಗಿ ಕೂಡಿಸಿಕೊಳ್ಳಬೇಕೆಂಬುದು. ಏಪ್ರಿಲ್ 8ರಂದು ತೋರಿದ ಧೈರ್ಯ 9ನೆಯ ತಾರೀಖಿಗೆ ಸಾಲುವುದಿಲ್ಲ. ಮೊದಲ ದಿನ ಅಪಾಯದ ಪೂರ್ಣ ಅರಿವು ಇರದಿರಬಹುದು. ಸಂಗಡಿಗರ ಸಾವನ್ನು ಕಂಡು, ತಾನೂ ಗಾಯಗೊಂಡು, ಮರುದಿನ ಬೆಳಗ್ಗೆ ಅದೇ ಕೆಲಸಕ್ಕೆ ಏಳುವುದು ಹೆಚ್ಚಿನದು. ಮೂರನೆಯದು, ಹಿಂದೆ ಬರುವವರ ಚಿಂತೆ. ಟ್ಯಾಂಕುಗಳು ದಾಟಿದ ಮೇಲೂ ಅನ್ನದ ಗಾಡಿಗಾಗಿ ರಸ್ತೆ ಸರಿಪಡಿಸುತ್ತ ಉಳಿದವರ ನಡತೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಈ ಮೂರೂ ಗುಣಗಳು ಯುದ್ಧಭೂಮಿಗೆ ಮಾತ್ರ ಸೇರಿದವುಗಳಲ್ಲ. ಶಾಲೆಯೊಂದನ್ನು ಕಟ್ಟಿದವರಿಗೆ, ಕಟ್ಟಿದ್ದನ್ನು ನಡೆಸಿಕೊಂಡು ಬಂದವರಿಗೆ, ಒಂದೇ ಪಾಠವನ್ನು ವರ್ಷ ವರ್ಷವೂ ಹೊಸ ಮಕ್ಕಳಿಗೆ ಬೇಸರವಿಲ್ಲದೆ ಕಲಿಸಿದ ಅಧ್ಯಾಪಕರಿಗೆ ಅವುಗಳ ಪರಿಚಯ ಹೊಸದೇನಲ್ಲ. ತಾವು ನಡೆದ ಮೇಲೆ ದಾರಿ ಇತರರಿಗೂ ಉಳಿಯಬೇಕೆಂಬ ಕಾಳಜಿ ಅವರೆಲ್ಲರಲ್ಲೂ ಒಂದೇ.

ನಮ್ಮ ವೀರಗಲ್ಲುಗಳು ಮಡಿದವರನ್ನು ನೆನೆಯುತ್ತವೆ, ನೆನೆಯಲೇಬೇಕು. ರಾಣೆಯವರು ಮಡಿಯಲಿಲ್ಲ. ಗಾಯದೊಡನೆ ಎದ್ದು, ಮಣ್ಣು ಬಿಡಿಸಿ, ಮರ ಸರಿಸಿ, ಬಳಸುದಾರಿ ಕಡಿದು, ಬದುಕಿ ಮನೆಗೆ ಬಂದರು. ಅವರಿಗೆ ಕಡಲತೀರದಲ್ಲಿ ಒಂದು ಪ್ರತಿಮೆಯಿದೆ. ಆದರೆ ಅವರ ನಿಜವಾದ ಸ್ಮಾರಕ ನೌಶೇರಾದಿಂದ ಚಿಂಗಸ್‌ಗೆ ಬೆಟ್ಟವನ್ನು ಸುತ್ತಿ ಹೋಗುವ ಆ ರಸ್ತೆಯೇ.